ವಾರಕ್ಕೊಂದು ಇಂಜೆಕ್ಷನ್, ದುಬೈಯಿಂದ ಬರುವ ಪೆನ್: ಬ್ರಹ್ಮಾವರದ ಓದುಗರಿಗೆ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ಬ್ರಹ್ಮಾವರದ ಬಳಿ ಸಹಕಾರಿ ಸಂಘವೊಂದರಲ್ಲಿ ಕೆಲಸ. ಎತ್ತರ 158 ಸೆಂ.ಮೀ., ತೂಕ 84 ಕೆ.ಜಿ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಥೈರಾಯ್ಡ್ ಕಡಿಮೆ ಇರುವುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆಯೂ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಈ ಸಲ ಶೇ 8.6 ಬಂತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಶುರು ಮಾಡೋಣ, ಸಕ್ಕರೆಯೂ ತೂಕವೂ ಇಳಿಯುತ್ತದೆ ಎಂದು ನಮ್ಮ ವೈದ್ಯರು ಹೇಳಿದ್ದಾರೆ. ಇನ್ಸುಲಿನ್ ಹಿಡಿದರೆ ಮತ್ತೆ ಬಿಡಲಿಕ್ಕಿಲ್ಲ ಎಂದು ನೆರೆಮನೆಯವರು ಹೆದರಿಸುತ್ತಾರೆ. ಥೈರಾಯ್ಡ್ ಇದ್ದವರಿಗೆ ಇದರಿಂದ ಕ್ಯಾನ್ಸರ್ ಬರುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ದುಬೈಯಲ್ಲಿರುವ ತಮ್ಮ ಮುಂದಿನ ತಿಂಗಳು ಊರಿಗೆ ಬರುವಾಗ ಆರು ತಿಂಗಳಿಗಾಗುವಷ್ಟು ಪೆನ್ ತರುತ್ತೇನೆ ಎನ್ನುತ್ತಾನೆ. ಏಕಾದಶಿ ಉಪವಾಸ ನಾನು ಈವರೆಗೆ ಬಿಟ್ಟಿಲ್ಲ. ಇನ್ನೊಂದು ಸಂಗತಿ: ಮಗಳಿಗೆ 24 ವರ್ಷ, ಸಕ್ಕರೆ ಕಾಯಿಲೆ ಇಲ್ಲ, ಎತ್ತರ 160, ತೂಕ 61. ನಾಲ್ಕು ತಿಂಗಳಲ್ಲಿ ಮದುವೆ. ಅದೇ ಪೆನ್ನಿನಿಂದ ತಾನೂ ಸ್ವಲ್ಪ ತೆಗೆದುಕೊಂಡು ಐದಾರು ಕೆ.ಜಿ. ಇಳಿಸುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ನಿಮ್ಮ ವೈದ್ಯರು ಸೂಚಿಸಿದ ಔಷಧ ನಿಮಗೆ ಹೊಂದುತ್ತದೆ. ನಿಮ್ಮ ತಮ್ಮ ತರಲಿರುವ ಪೆನ್ನುಗಳು ಹೊಂದುವುದಿಲ್ಲ. ಎರಡರೊಳಗೂ ಇರುವುದು ಒಂದೇ ಔಷಧವಾದರೂ ಹೀಗೆ ಹೇಳುತ್ತಿದ್ದೇನೆ. ಈ ಚಿಕಿತ್ಸೆಯಲ್ಲಿ ಸೂಜಿ ಚುಚ್ಚಿಕೊಳ್ಳುವುದು ಬಹಳ ಸಣ್ಣ ಕೆಲಸ. ಮೊದಲ ನಾಲ್ಕೈದು ತಿಂಗಳು ಪ್ರಮಾಣವನ್ನು ನಿಧಾನವಾಗಿ ಏರಿಸುತ್ತಾ, ಬೇರೆ ಮಾತ್ರೆಗಳನ್ನು ಇಳಿಸುತ್ತಾ, ವಾಂತಿ ಬಂದರೆ ಯಾವಾಗ ಕಾಯಬೇಕು ಯಾವಾಗ ಓಡಿ ಬರಬೇಕು ಎಂದು ಹೇಳುವವರೊಬ್ಬರು ಬೇಕು. ಅವರು ಸೂಟ್‌ಕೇಸಿನಲ್ಲಿ ಬರುವುದಿಲ್ಲ.

ನೆರೆಮನೆಯವರ ಮಾತಿಗೆ ಬರೋಣ. ಇದು ಇನ್ಸುಲಿನ್ ಅಲ್ಲ. ಪೆನ್ನು ನೋಡಲು ಇನ್ಸುಲಿನ್ ಪೆನ್ನಿನಂತೆಯೇ ಇರುತ್ತದೆ, ಚುಚ್ಚುವ ಜಾಗವೂ ಹೊಟ್ಟೆಯ ಚರ್ಮವೇ, ಹಾಗಾಗಿ ಗೊಂದಲ ಸಹಜ. ಊಟ ಕರುಳಿಗಿಳಿಯುತ್ತಿದ್ದಂತೆ ಕರುಳಿನ ಒಳಪದರದ ಕೆಲವು ಜೀವಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಊಟ ಬಂದಿದೆ, ಸಿದ್ಧವಾಗಿ ಎಂದು ಅದು ನಾಲ್ಕು ಕಡೆ ಸುದ್ದಿ ಮುಟ್ಟಿಸುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಯಕೃತ್ತಿನಿಂದ ಸಕ್ಕರೆ ಹೊರಹಾಕಿಸುವ ಗ್ಲೂಕಗಾನ್ ತಗ್ಗುತ್ತದೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಮಿದುಳಿಗೆ ‘ಸಾಕು’ ಎಂಬ ಭಾವ ಬರುತ್ತದೆ. ಸಕ್ಕರೆಯನ್ನು ಬಾಯಿಂದ ಕೊಟ್ಟಾಗ ರಕ್ತನಾಳಕ್ಕೆ ಕೊಟ್ಟಾಗಿನದಕ್ಕಿಂತ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ ಎಂಬುದು 1964ರಲ್ಲೇ ತಿಳಿದಿತ್ತು. ನಡುವೆ ಕರುಳಿನ ಕೈವಾಡವಿದೆ ಎಂಬ ಅನುಮಾನ ಹುಟ್ಟಿದ್ದು ಅಲ್ಲಿಂದಲೇ. ತೊಂದರೆ ಇದ್ದದ್ದು ಒಂದೇ: ನಮ್ಮ ದೇಹದ ಜಿಎಲ್‌ಪಿ-1 ಎರಡೇ ನಿಮಿಷದಲ್ಲಿ ಅರ್ಧ ಕರಗಿ ಹೋಗುತ್ತದೆ. ಅದನ್ನೇ ಹೋಲುವ, ಆದರೆ ಬೇಗ ಒಡೆಯದ ಅಣುಗಳನ್ನು ತಯಾರಿಸಿದ್ದೇ ಈ ಔಷಧಗಳ ಕಥೆ. ಈ ಬಗೆಯ ಮೊದಲ ಔಷಧ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಮೂಲ ಹಿಲಾ ಮಾನ್‌ಸ್ಟರ್ ಎಂಬ ಮರುಭೂಮಿಯ ವಿಷಹಲ್ಲಿಯ ಜೊಲ್ಲು! ವಾರಕ್ಕೊಮ್ಮೆ ಚುಚ್ಚುವ ಇಂದಿನ ಔಷಧ ಸೆಮಾಗ್ಲುಟೈಡ್ ದೇಹದಲ್ಲಿ ಅರ್ಧ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಇಂಥದ್ದೇ ಇನ್ನೊಂದು ಔಷಧ ಟಿರ್ಜೆಪಟೈಡ್ ಜಿಎಲ್‌ಪಿ-1 ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಅದು ಅರ್ಧ ಇಳಿಯಲು ಸುಮಾರು ಐದು ದಿನ ಬೇಕು. ವಾರಕ್ಕೊಂದೇ ಸೂಜಿ ಸಾಕಾಗುವುದು ಇದರಿಂದ.

ಇದರಲ್ಲಿ ಗಮನಿಸಬೇಕಾದದ್ದು, ಈ ಔಷಧ ಇನ್ಸುಲಿನ್ ಬಿಡಿಸುವುದು ರಕ್ತದಲ್ಲಿ ಸಕ್ಕರೆ ಏರಿದ್ದಾಗ ಮಾತ್ರ. ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬಂದರೆ ಅದು ತಾನಾಗಿ ಸುಮ್ಮನಾಗುತ್ತದೆ. ನೀವು ಈಗ ತೆಗೆದುಕೊಳ್ಳುತ್ತಿರುವ ಗ್ಲಿಮೆಪಿರೈಡ್ ಹಾಗಲ್ಲ. ಹಸು ಮೇದಿದೆಯೋ ಇಲ್ಲವೋ ನೋಡದೆ ಚೊಂಬು ಹಿಡಿದು ಕುಳಿತುಕೊಳ್ಳುವವರ ಹಾಗೆ ಅದು ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹಿಂಡುತ್ತದೆ. ತೂಕವನ್ನೂ ಸ್ವಲ್ಪ ಏರಿಸುತ್ತದೆ. ಈಗ ಹೊಸ ಇಂಜೆಕ್ಷನ್ ಬಂದು ನಿಮ್ಮ ಊಟ ಅರ್ಧಕ್ಕಿಳಿದು, ಗ್ಲಿಮೆಪಿರೈಡ್ ಮಾತ್ರ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ಏನಾಗುತ್ತದೆ? ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಂಘದ ಕೌಂಟರಿನಲ್ಲಿ ಕುಳಿತಿದ್ದಾಗ ಕೈ ನಡುಗಿ, ಬೆವರಿ, ಲೆಕ್ಕ ತಪ್ಪಲು ಶುರುವಾಗುತ್ತದೆ. ಆ ಹೊತ್ತಿನ ರಕ್ತದ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿದಿದೆ ಎಂದರ್ಥ. ಪೆನ್ನಿನ ತಪ್ಪೆಂದು ಜನ ಪೆನ್ನನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಾದದ್ದು ಪಕ್ಕದ ಮಾತ್ರೆಯನ್ನು. ಆದ್ದರಿಂದ ಮೊದಲ ಸೂಜಿಗೆ ಮುನ್ನ ನಿಮ್ಮ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಗ್ಲಿಮೆಪಿರೈಡನ್ನು ಅರ್ಧ ಮಾಡಬೇಕೇ, ನಿಲ್ಲಿಸಬೇಕೇ? ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ.

ಎರಡನೆಯ ಪ್ರಶ್ನೆ ಕಣ್ಣಿನದು. ಕಣ್ಣಿನ ಪರೀಕ್ಷೆಯ ಸುದ್ದಿಯೇ ನಿಮ್ಮ ಪತ್ರದಲ್ಲಿಲ್ಲ. ಎಂಟು ವರ್ಷ ಹಳೆಯ ಸಕ್ಕರೆ ಕಾಯಿಲೆಯಲ್ಲಿ ಅಕ್ಷಿಪಟಲಕ್ಕೆ ಹಾನಿಯಾಗಿರಬಹುದು, ದೃಷ್ಟಿ ಚೆನ್ನಾಗಿರುವಾಗಲೂ. ಹಾಗಿದ್ದಾಗ ಸಕ್ಕರೆ ಒಮ್ಮೆಲೇ ಇಳಿದರೆ ಆ ಹಾನಿ ಕೆಲಕಾಲ ಉಲ್ಬಣಿಸಬಹುದು. ಸೆಮಾಗ್ಲುಟೈಡ್‌ನ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ಪಾಪೆ ಹಿಗ್ಗಿಸಿ ನೋಡುವ ಪರೀಕ್ಷೆ ಅರ್ಧ ದಿನದ ಕೆಲಸ. ಅಂದು ಸ್ಕೂಟರಿನಲ್ಲಿ ಹೋಗಬೇಡಿ, ಕಣ್ಣು ಮಂಜಾಗಿರುತ್ತದೆ.

ಥೈರಾಯ್ಡ್ ಕ್ಯಾನ್ಸರಿನ ವಾಟ್ಸ್‌ಆ್ಯಪ್ ಸಂದೇಶ ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇಷ್ಟು ದೂರ ಓಡುತ್ತಿದೆ. ಇಲಿಗಳಲ್ಲಿ ಈ ಔಷಧಗಳು ಥೈರಾಯ್ಡಿನ ಸಿ-ಜೀವಕೋಶಗಳ ಗಡ್ಡೆ ಉಂಟುಮಾಡಿದ್ದು ನಿಜ. ಹಾಗಾಗಿ ಮೆಡ್ಯುಲರಿ ಎಂಬ ಅಪರೂಪದ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇದ್ದವರಿಗೆ ಹಾಗೂ ಎಂಇಎನ್-2 ಎಂಬ ವಂಶಪಾರಂಪರ್ಯ ಕಾಯಿಲೆ ಇದ್ದವರಿಗೆ ಇದನ್ನು ಕೊಡುವುದಿಲ್ಲ. ನಿಮ್ಮದು ಹಾರ್ಮೋನು ಕಡಿಮೆ ಸ್ರವಿಸುವ ಥೈರಾಯ್ಡ್. ಅದಕ್ಕೂ ಈ ಎಚ್ಚರಿಕೆಗೂ ಸಂಬಂಧವಿಲ್ಲ. ನಿಮ್ಮ ಥೈರಾಯ್ಡ್ ಮಾತ್ರೆಯ ವಿಚಾರ ಬರುವುದು ಬೇರೆ ಕಡೆ. ಸೂಜಿಗೆ ಹೆದರಿ ‘ಮಾತ್ರೆಯಲ್ಲೂ ಸಿಗುತ್ತದಂತೆ’ ಎಂದು ನೀವು ಸೆಮಾಗ್ಲುಟೈಡ್ ಮಾತ್ರೆಗೆ ಹೋದರೆ, ಅದನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಗೇ ನುಂಗಬೇಕು. ಅರ್ಧ ಲೋಟ ನೀರಿಗಿಂತ ಹೆಚ್ಚು ಕುಡಿಯುವಂತಿಲ್ಲ, ಆಮೇಲೆ ಕನಿಷ್ಠ ಅರ್ಧ ಗಂಟೆ ಕಾಫಿಯೂ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಥೈರಾಯ್ಡ್ ಮಾತ್ರೆಯೂ ಅದೇ ಹೊತ್ತು ಬೇಡುತ್ತದೆ. ಎರಡೂ ಸೇರಿದರೆ ಥೈರಾಯ್ಡ್ ಹಾರ್ಮೋನಿನ ಮಟ್ಟ ಏರುಪೇರಾಗಬಹುದು. ಕಚೇರಿಗೆ ಬಸ್ ಹಿಡಿಯುವವರ ಬೆಳಗಿನಲ್ಲಿ ಇಷ್ಟೊಂದು ಕಟ್ಟುಪಾಡು ನಿಲ್ಲುವುದಿಲ್ಲ. ನಿಮಗೆ ಇಂಜೆಕ್ಷನ್ನೇ ಸಲೀಸು.

ಚುಚ್ಚುವುದಕ್ಕೆ ಹೆದರಬೇಡಿ. ಸೂಜಿ ನಾಲ್ಕು ಮಿಲಿಮೀಟರ್ ಉದ್ದ, ಕೂದಲಿನಷ್ಟು ತೆಳು. ಹೊಕ್ಕುಳಿನಿಂದ ಮೂರು ಬೆರಳು ಆಚೆ, ಒಣಗಿದ ಚರ್ಮಕ್ಕೆ ನೇರವಾಗಿ ಚುಚ್ಚಿ, ಗುಂಡಿ ಒತ್ತಿ, ಪೆನ್ನಿನ ಪುಟ್ಟ ಕಿಟಕಿಯಲ್ಲಿ ಸೊನ್ನೆ ಕಂಡ ಮೇಲೂ ಮನಸ್ಸಿನಲ್ಲಿ ನಿಧಾನವಾಗಿ ಆರರವರೆಗೆ ಎಣಿಸಿ ಸೂಜಿ ತೆಗೆಯಬೇಕು. ಬೇಗ ತೆಗೆದರೆ ತುದಿಯಲ್ಲಿ ದೊಡ್ಡದೊಂದು ಹನಿ ಜಿನುಗುತ್ತದೆ. ಅಷ್ಟು ಔಷಧ ಸೀರೆಯ ಪಾಲು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಪ್ರತಿ ಸಲ ಹೊಸ ಸೂಜಿ.

ಎಷ್ಟು ಇಳಿಯುತ್ತದೆ ಎಂದು ನೀವು ಕೇಳಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲಿರುವುದು ಅದೇ. ಸಕ್ಕರೆ ಕಾಯಿಲೆ ಇಲ್ಲದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಸ್ಟೆಪ್-1 ಅಧ್ಯಯನದಲ್ಲಿ ವಾರಕ್ಕೆ 2.4 ಮಿ.ಗ್ರಾಂ. ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿಯಿತು. ಪತ್ರಿಕೆಗಳಲ್ಲಿ ಬರುವುದು ಈ ಅಂಕಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದೇ ಪ್ರಮಾಣಕ್ಕೆ ಇಳಿದದ್ದು ಸುಮಾರು ಶೇ 9.6. ನಿಮ್ಮ 84 ಕೆ.ಜಿ.ಗೆ ಅದು ಎಂಟು ಕೆ.ಜಿ.ಯ ಲೆಕ್ಕ, ಅದೂ ಒಂದು ವರ್ಷ ದಾಟಿದ ಮೇಲೆ. ಟಿರ್ಜೆಪಟೈಡ್‌ನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮೂರು ತಿಂಗಳ ಸರಾಸರಿ ಸಕ್ಕರೆ ಒಂದೂವರೆ ಅಂಶದಷ್ಟು ಇಳಿದು ನಿಮ್ಮ 8.6 ಏಳರ ಆಸುಪಾಸಿಗೆ ಬರಬಹುದು. ನನ್ನ ದೃಷ್ಟಿಯಲ್ಲಿ ತೂಕಕ್ಕಿಂತ ಇದು ದೊಡ್ಡ ಲಾಭ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಫ್ಲೋ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರಿಗೆ ಮೂತ್ರಪಿಂಡ ವೈಫಲ್ಯ, ಹೃದಯ ಸಂಬಂಧಿ ಸಾವು ಸೇರಿದಂತೆ ಗಂಭೀರ ಘಟನೆಗಳು ಶೇ 24ರಷ್ಟು ಕಡಿಮೆಯಾದವು.

‘ಹಿಡಿದರೆ ಬಿಡಲಿಕ್ಕಿಲ್ಲ’ ಎಂಬ ಮಾತಿನಲ್ಲಿ ಒಂದಂಶ ಸತ್ಯವಿದೆ. ಚಟ ಹಿಡಿಯುವುದಿಲ್ಲ, ಯಾವಾಗ ಬೇಕಾದರೂ ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ಹಸಿವು ಮರಳುತ್ತದೆ. ಸ್ಟೆಪ್-1ರಲ್ಲಿ ಔಷಧ ನಿಲ್ಲಿಸಿದವರು ಒಂದು ವರ್ಷದೊಳಗೆ ಕಳೆದುಕೊಂಡ ತೂಕದ ಮೂರನೆಯ ಎರಡು ಪಾಲನ್ನು ಮತ್ತೆ ಗಳಿಸಿಕೊಂಡರು. ರಕ್ತದೊತ್ತಡದ ಮಾತ್ರೆಯನ್ನು ಎರಡು ತಿಂಗಳು ನುಂಗಿ ಕಾಯಿಲೆ ಹೋಯಿತೆಂದು ಯಾರೂ ಹೇಳುವುದಿಲ್ಲವಲ್ಲ. ಇದನ್ನೂ ವರ್ಷಗಳ ಚಿಕಿತ್ಸೆ ಎಂದು ಎಣಿಸಿಯೇ ಹಣದ ಲೆಕ್ಕ ಹಾಕಿ. ಆರು ತಿಂಗಳ ದಾಸ್ತಾನು ಬೇಡವೆನ್ನಲು ಇದೂ ಒಂದು ಕಾರಣ: ಏಳನೆಯ ತಿಂಗಳು ಏನು?

ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಹೊಟ್ಟೆಗೆ ಸಂಬಂಧಿಸಿದವು: ಓಕರಿಕೆ, ಹೊಟ್ಟೆಯುಬ್ಬರ, ಮಲಬದ್ಧತೆ, ಕೆಲವರಿಗೆ ಭೇದಿ. ಶುರುವಿನಲ್ಲಿ ಮತ್ತು ಪ್ರತಿ ಸಲ ಪ್ರಮಾಣ ಏರಿಸಿದಾಗ ಹೆಚ್ಚು, ಆಮೇಲೆ ಇಳಿಮುಖ. ಅದಕ್ಕಾಗಿಯೇ ಸೆಮಾಗ್ಲುಟೈಡ್ ಅನ್ನು ನಾಲ್ಕು ವಾರ 0.25 ಮಿ.ಗ್ರಾಂ.ನಿಂದ ಆರಂಭಿಸಿ ಮುಂದೆ 0.5ಕ್ಕೆ, ಅಗತ್ಯವಿದ್ದರೆ ಇನ್ನೂ ಮೇಲಕ್ಕೆ ಒಯ್ಯುತ್ತಾರೆ. ಜಠರ ನಿಧಾನವಾಗಿರುವಾಗ ಎಣ್ಣೆ, ಜಿಡ್ಡು ಸಹಿಸುವುದಿಲ್ಲ. ಸೂಜಿ ಚುಚ್ಚಿದ ಮರುದಿನ ಸಂಜೆ ಬನ್ಸ್, ಗೋಳಿಬಜೆ ತಿಂದು ರಾತ್ರಿಯಿಡೀ ಒದ್ದಾಡಿದವರನ್ನು ನಾನು ಎಷ್ಟೋ ನೋಡಿದ್ದೇನೆ. ಪಿತ್ತಕೋಶದ ಕಲ್ಲಿನ ಸಾಧ್ಯತೆಯೂ ಸ್ವಲ್ಪ ಹೆಚ್ಚುತ್ತದೆ, ತೂಕ ವೇಗವಾಗಿ ಇಳಿದಾಗ ವಿಶೇಷವಾಗಿ. ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ, ಆದರೆ ತಮಾಷೆಯ ಕಾಯಿಲೆಯಲ್ಲ. ಮೇಲ್ಹೊಟ್ಟೆಯಲ್ಲಿ ಬಿಡದ ತೀವ್ರ ನೋವು, ಅದು ಬೆನ್ನಿಗೆ ಹೊರಳಿದರೆ, ಜೊತೆಗೆ ವಾಂತಿ ಇದ್ದರೆ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಮುಂದಿನ ಡೋಸ್ ತಡೆದು ಆ ರಾತ್ರಿಯೇ ಆಸ್ಪತ್ರೆಗೆ ಬನ್ನಿ. ಹಿಂದೆ ಎಂದಾದರೂ ಆ ಉರಿಯೂತ ಆಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಮುಂದೆ ಯಾವುದಾದರೂ ಶಸ್ತ್ರಚಿಕಿತ್ಸೆ ನಿಗದಿಯಾದರೆ ಅರಿವಳಿಕೆ ಕೊಡುವ ವೈದ್ಯರಿಗೂ ಹೇಳಬೇಕು, ಏಕೆಂದರೆ ಹಿಂದಿನ ರಾತ್ರಿಯ ಊಟ ಬೆಳಿಗ್ಗೆಯೂ ಜಠರದಲ್ಲಿ ಉಳಿದಿರಬಹುದು.

ಇನ್ನು ಬಟ್ಟಲಿನ ವಿಷಯ. ಇದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ ಎಂಬುದು ನನ್ನ ದೂರು. ಇಳಿಯುವ ತೂಕವೆಲ್ಲ ಕೊಬ್ಬಲ್ಲ, ಅದರಲ್ಲಿ ಸ್ನಾಯುವಿನ ಪಾಲೂ ಇದೆ. ನಮ್ಮ ಕರಾವಳಿಯ ಮಧ್ಯಾಹ್ನದ ಊಟ ನೆನಪಿಸಿಕೊಳ್ಳಿ: ಬಟ್ಟಲ ತುಂಬ ಕುಚ್ಚಲಕ್ಕಿ ಅನ್ನ, ಮೇಲೆ ಗಸಿ, ಬದಿಯಲ್ಲೊಂದು ಬಂಗುಡೆ. ಔಷಧ ಶುರುವಾದ ಮೇಲೆ ಅರ್ಧಕ್ಕೇ ಹೊಟ್ಟೆ ತುಂಬುತ್ತದೆ. ಆಗ ಹೆಂಗಸರು ಮಾಡುವುದು ಏನೆಂದರೆ, ಅನ್ನ ಚೆಲ್ಲಬಾರದೆಂದು ಅನ್ನ ಮುಗಿಸಿ ಮೀನನ್ನು ಮಕ್ಕಳ ಬಟ್ಟಲಿಗೆ ದಾಟಿಸುತ್ತಾರೆ. ತದ್ವಿರುದ್ಧ ಮಾಡಿ. ಮೊದಲು ಮೀನು, ಆಮೇಲೆ ಪಲ್ಯ, ಕೊನೆಗೆ ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ. ನಿಮಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು, ಮೂತ್ರಪಿಂಡ ಸರಿಯಿದ್ದರೆ. ನೂರು ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಸಿಗುತ್ತದೆ. ಮೀನು ತಿನ್ನದ ದಿನಗಳಲ್ಲಿ ಹೆಸರುಕಾಳು, ಕಡಲೆ, ಮೊಸರು, ಪನೀರ್ ಇವೆ. ಜೂನ್‌, ಜುಲೈಯ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ಮೊಟ್ಟೆ ಅಗ್ಗ. ಒಣಮೀನಿನ ಉಪ್ಪು ರಕ್ತದೊತ್ತಡಕ್ಕೆ ಒಗ್ಗಲಿಕ್ಕಿಲ್ಲ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವ, ನೀರಿನ ಕೊಡದಂಥ ಭಾರ ಎತ್ತುವ ವ್ಯಾಯಾಮವೂ ಬೇಕು. ಬರೀ ನಡಿಗೆ ಸ್ನಾಯು ಉಳಿಸುವುದಿಲ್ಲ.

ಏಕಾದಶಿ ಬಿಡಿ ಎಂದು ನಾನು ಹೇಳುವುದಿಲ್ಲ. ದಶಮಿಯಂದು ಇಂಜೆಕ್ಷನ್ ತಪ್ಪಿಸಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ, ಹಿಂದಿನ ವಾರದ್ದೇ ಅರ್ಧ ಒಳಗಿರುತ್ತದೆ. ಅಪಾಯ ಇರುವುದು ಎರಡು ಕಡೆ. ಗ್ಲಿಮೆಪಿರೈಡ್ ಇನ್ನೂ ಮುಂದುವರಿದಿದ್ದರೆ ಉಪವಾಸದ ದಿನ ಅದು ಬೇಡ. ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ. ಇನ್ನೊಂದು ನೀರು. ಮೊದಲೇ ಓಕರಿಕೆ, ಊಟ ಕಡಿಮೆ, ಮೇಲೆ ನಿರ್ಜಲ ಉಪವಾಸ, ಅದೂ ಏಪ್ರಿಲ್‌ನ ಸೆಕೆಯಲ್ಲಿ! ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೀಗೆಯೇ. ಪ್ರಮಾಣ ಏರಿಸುತ್ತಿರುವ ತಿಂಗಳುಗಳಲ್ಲಿ ನೀರು, ಮಜ್ಜಿಗೆ, ಹಣ್ಣು ತೆಗೆದುಕೊಂಡು ಉಪವಾಸ ಮಾಡಿ.

ದುಬೈ ಪೆನ್ನಿನ ಬಗ್ಗೆ ನಿಮ್ಮ ತಮ್ಮನ ಪ್ರೀತಿಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಪೆನ್ನುಗಳಲ್ಲಿ ಬೇರೆ ಬೇರೆ ಶಕ್ತಿಯವು ಇವೆ. ಅಂಗಡಿಯಲ್ಲಿ ಸಿಕ್ಕಿದ್ದು ಒಂದು ಮಿ.ಗ್ರಾಂ.ನ ಪೆನ್ನಾದರೆ, ಆರಂಭಿಸಬೇಕಾದ ಪ್ರಮಾಣದ ನಾಲ್ಕು ಪಟ್ಟು ಮೊದಲ ದಿನವೇ ದೇಹಕ್ಕೆ ಹೋಗುತ್ತದೆ, ಮತ್ತೆ ಅದನ್ನು ಹೊರತೆಗೆಯುವ ದಾರಿಯಿಲ್ಲ. ವಾಂತಿ ದಿನಗಟ್ಟಲೆ ನಡೆಯುತ್ತದೆ. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿರಬೇಕು. ವಿಮಾನದ ಸರಕಿನ ಕೋಣೆಗೆ ಹೋದ ಸೂಟ್‌ಕೇಸಿನಲ್ಲಿ, ನಿಲ್ದಾಣದಿಂದ ಬ್ರಹ್ಮಾವರದವರೆಗಿನ ಕಾರಿನ ಡಿಕ್ಕಿಯಲ್ಲಿ ಅದು ಎಷ್ಟು ಬಿಸಿಯಾಯಿತು ಎಂದು ಯಾರು ನೋಡಿದರು? ಮನೆಗೆ ಬಂದ ಮೇಲೆ ಹಾಳಾಗದಿರಲೆಂದು ಮೀನಿನ ಜೊತೆ ಫ್ರೀಜರ್‌ನಲ್ಲಿಟ್ಟವರೂ ಇದ್ದಾರೆ. ಒಮ್ಮೆ ಹೆಪ್ಪುಗಟ್ಟಿದ ಪೆನ್ ಕರಗಿದ ಮೇಲೂ ಬಳಸುವಂತಿಲ್ಲ, ನೋಡಲು ತಿಳಿ ನೀರಿನಂತೆಯೇ ಇದ್ದರೂ. ನಕಲಿ ಮಾಲಿನ ಭಯ ಬೇರೆ. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಅಲ್ಲಿಂದ ತರುವ ಅಗತ್ಯವೂ ಈಗ ಉಳಿದಿಲ್ಲ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂ.ನ ಒಂದು ವಾರದ ಸೀಸೆಗೆ 3,500 ರೂಪಾಯಿ, 5 ಮಿ.ಗ್ರಾಂ.ಗೆ 4,375 ರೂಪಾಯಿ ಇತ್ತು. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ನಮ್ಮಲ್ಲಿ 2026ರ ಮಾರ್ಚ್‌ವರೆಗಿನದು. ಅದರಾಚೆ ದೇಶೀ ಕಂಪನಿಗಳಿಗೂ ದಾರಿ ತೆರೆದಿದೆ. ಇಂದಿನ ಬೆಲೆಯನ್ನು ಔಷಧದಂಗಡಿಯಲ್ಲೇ ಕೇಳಿ, ಬಿಲ್ ಪಡೆದು, ಐಸ್ ಪೊಟ್ಟಣದಲ್ಲಿ ಮನೆಗೆ ಒಯ್ಯಿರಿ.

ಇದೆಲ್ಲ ಕೈಗೆಟುಕದು ಎನಿಸಿದರೆ ನಾಚಿಕೆಪಡಬೇಡಿ, ವೈದ್ಯರಿಗೆ ನೇರವಾಗಿ ಹೇಳಿ. ಗ್ಲಿಮೆಪಿರೈಡ್ ಬದಲಿಗೆ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಅಗ್ಗವಾಗಿ ಸಿಗುತ್ತದೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಔಷಧ ಅದು. ಎರಡು ಮೂರು ಕೆ.ಜಿ. ತೂಕವೂ ಇಳಿಯುತ್ತದೆ, ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು. ನಮ್ಮ ಬೆವರಿನ ಹವೆಯಲ್ಲಿ ಗುಪ್ತಾಂಗದ ತುರಿಕೆ, ಶಿಲೀಂಧ್ರ ಸೋಂಕು ಕಾಡಬಹುದು, ಉಪವಾಸದ ದಿನ ಅದನ್ನೂ ನಿಲ್ಲಿಸಬೇಕು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ದೇಹದ ಸ್ವಂತ ಜಿಎಲ್‌ಪಿ-1 ಒಡೆಯದಂತೆ ತಡೆಯುತ್ತವೆ. ಸಕ್ಕರೆಗೆ ಪರವಾಗಿಲ್ಲ, ತೂಕ ಇಳಿಸುವುದಿಲ್ಲ, ಇಂಜೆಕ್ಷನ್ ಜೊತೆ ಸೇರಿಸಿದರೆ ಹಣ ದಂಡ. ಮೆಂತ್ಯ, ಹಾಗಲಕಾಯಿ ತಿನ್ನಿ, ಅಡ್ಡಿಯಿಲ್ಲ. ಅವನ್ನು ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ಮಗಳ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು: ಬೇಡ. ಸೂಜಿ ಬದಲಿಸಿದರೂ ಒಂದು ಪೆನ್ ಇಬ್ಬರಿಗಲ್ಲ, ರಕ್ತದ ಸೋಂಕು ಪೆನ್ನಿನೊಳಗಿನಿಂದಲೇ ದಾಟಬಹುದು. ಅವಳ ಎತ್ತರಕ್ಕೆ 61 ಕೆ.ಜಿ. ಎಂದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 24ರೊಳಗೆ. ಭಾರತೀಯರ ಅಳತೆಯಲ್ಲಿ 23 ದಾಟಿದರೆ ಅಧಿಕ ತೂಕ ಎನ್ನುವುದು ನಿಜ, ಆದರೆ ತೂಕಕ್ಕೆಂದು ಈ ಔಷಧ ಕೊಡುವ ಮಟ್ಟ 30. ಬೇರೆ ಕಾಯಿಲೆ ಜೊತೆಗಿದ್ದರೆ 27. ಮದುವೆಯ ಮುನ್ನಾ ತಿಂಗಳು ಓಕರಿಕೆ, ಬಾಡಿದ ಮುಖ, ಕೂದಲು ಉದುರುವುದು ಯಾವ ಹುಡುಗಿಗೂ ಬೇಡದ ಉಡುಗೊರೆ. ಅದಕ್ಕಿಂತ ಮುಖ್ಯವಾದದ್ದು, ಗರ್ಭ ಧರಿಸುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಿರಬೇಕು. ಟಿರ್ಜೆಪಟೈಡ್ ಆದರೆ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ತಗ್ಗಿಸಬಹುದು. ಆರಂಭಿಸಿದಾಗ ಮತ್ತು ಪ್ರಮಾಣ ಏರಿಸಿದಾಗಲೆಲ್ಲ ನಾಲ್ಕು ವಾರ ಬೇರೆ ಮುನ್ನೆಚ್ಚರಿಕೆ ಬೇಕು. ಮುಟ್ಟು ಏರುಪೇರು, ಮುಖದಲ್ಲಿ ಕೂದಲು ಇಂಥದ್ದೇನಾದರೂ ಇದ್ದರೆ ತೂಕದ ಹಿಂದೆ ಪಿಸಿಒಡಿ ಎಂಬ ಅಂಡಾಶಯದ ಹಾರ್ಮೋನು ತೊಂದರೆ ಇರಬಹುದು, ಅದನ್ನು ಪರೀಕ್ಷಿಸಿ ಚಿಕಿತ್ಸೆ ಕೊಡಬಹುದು. ತಾಯಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವಳದೂ ಖಾಲಿ ಹೊಟ್ಟೆಯ ಸಕ್ಕರೆ ಒಮ್ಮೆ ನೋಡಿಸಿ. ನೀವು ನಿಮ್ಮ ಪರೀಕ್ಷೆಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ‘ಬೇಡ’ ಎಂಬ ಮಾತನ್ನು ಅಮ್ಮನಿಗಿಂತ ವೈದ್ಯರ ಬಾಯಿಂದ ಕೇಳಿದರೆ ಆ ವಯಸ್ಸಿಗೆ ಹೆಚ್ಚು ನಾಟುತ್ತದೆ.